ಅಲ್ಟ್ರಾಲೈಟ್ ಹಾರಿಸಲು ಕಲಿಯಬೇಕೆ? ಶುರು ಮಾಡುವ ಮುನ್ನ ಇದನ್ನು ಓದಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಅಲ್ಟ್ರಾಲೈಟ್ ವಿಮಾನ ಹಾರಿಸಲು ಕಲಿಯುವುದು ಹೇಗೆ? ಅದಕ್ಕೆ ಲೈಸೆನ್ಸ್ ಬೇಕೆ? ಜೀವಕ್ಕೆ ಅಪಾಯ ಎಷ್ಟು? ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಕಲಿಯುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಅಲ್ಟ್ರಾಲೈಟ್ ಎಂದರೆ ಒಬ್ಬರು ಅಥವಾ ಇಬ್ಬರು ಕೂರುವ, ತೀರಾ ಹಗುರವಾದ, ನಿಧಾನವಾಗಿ ಹಾರುವ ವಿಮಾನ. ಹಲವು ದೇಶಗಳಲ್ಲಿ ಇದನ್ನು ಮೈಕ್ರೋಲೈಟ್ ಎನ್ನುತ್ತಾರೆ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆಯ ರೆಕ್ಕೆ, ಒಂದು ಪುಟ್ಟ ಎಂಜಿನ್, ಒಂದು ಪ್ರೊಪೆಲ್ಲರ್. ಹಳೆಯ ಮಾದರಿಗಳಲ್ಲಿ ಇಷ್ಟೇ ಇರುತ್ತದೆ. 1970ರ ದಶಕದಲ್ಲಿ, ಎಂಜಿನ್ ಇಲ್ಲದೆ ರೆಕ್ಕೆಗೆ ನೇತಾಡಿಕೊಂಡು ತೇಲುವ ಹ್ಯಾಂಗ್ ಗ್ಲೈಡರ್‌ಗಳಿಗೆ ಎಂಜಿನ್ ಕಟ್ಟಿ ಹಾರಿದವರಿಂದ ಈ ಹವ್ಯಾಸ ಬೆಳೆಯಿತು. ಅವರಲ್ಲಿ ಮೊದಲಿಗರ ಸಾಲಿನಲ್ಲಿರುವ ಅಮೆರಿಕದ ಜಾನ್ ಮೂಡಿ 1975ರಲ್ಲಿ ಹಾಗೆ ಹಾರಿದರು.

ಇದರ ಸುಖ ಬೇರೆ ಯಾವ ವಿಮಾನದಲ್ಲೂ ಸಿಗುವುದಿಲ್ಲ. ಗಂಟೆಗೆ 60-70 ಕಿ.ಮೀ. ವೇಗ, ನೆಲದಿಂದ ನೂರೈವತ್ತು ಇನ್ನೂರು ಮೀಟರ್ ಎತ್ತರ, ಮುಂದೆ ಗಾಜಿಲ್ಲ. ಕೆಳಗಿನ ಹೊಗೆಯ ವಾಸನೆ, ಉತ್ತ ಮಣ್ಣಿನ ವಾಸನೆ ಮೂಗಿಗೆ ಬರುತ್ತದೆ. ತಣ್ಣನೆಯ ಗಾಳಿಯಿಂದ ಬೆಚ್ಚಗಿನ ಗಾಳಿಗೆ ದಾಟಿದ್ದು ಕೆನ್ನೆಗೆ ಗೊತ್ತಾಗುತ್ತದೆ. ಹಕ್ಕಿಗಳ ಜೊತೆ ಅವುಗಳದೇ ವೇಗದಲ್ಲಿ ಹೋಗಬಹುದು. ಕೆನಡಾದ ಬಿಲ್ ಲಿಶ್ಮನ್ 1993ರಲ್ಲಿ ಅಲ್ಟ್ರಾಲೈಟ್ ಹಿಂದೆ ಕೆನಡಾ ಬಾತುಗಳ ಹಿಂಡನ್ನು ಒಂಟಾರಿಯೊದಿಂದ ವರ್ಜೀನಿಯಾದವರೆಗೆ ಕರೆದೊಯ್ದರು. ಅದೇ ವಿಧಾನ ಬಳಸಿ 2001ರಲ್ಲಿ, ಅಳಿವಿನಂಚಿನಲ್ಲಿದ್ದ ವೂಪಿಂಗ್ ಕೊಕ್ಕರೆಗಳ ಮರಿಗಳಿಗೆ ವಿಸ್ಕಾನ್ಸಿನ್‌ನಿಂದ ಫ್ಲೋರಿಡಾಕ್ಕೆ ವಲಸೆಯ ದಾರಿ ಕಲಿಸಿದರು. ದೊಡ್ಡ ವಿಮಾನಕ್ಕೆ ಇಷ್ಟು ನಿಧಾನ ಸಾಧ್ಯವಿಲ್ಲ.

ಈ ಸುಖ ಕೊಡುವ ಹಗುರತನವೇ ಅಪಾಯಗಳ ಮೂಲವೂ ಹೌದು. ಭಾರವಾದ ವಿಮಾನ ಲೆಕ್ಕಿಸದೆ ಸೀಳಿಕೊಂಡು ಹೋಗುವ ಗಾಳಿ ಇದನ್ನು ಎತ್ತಿ ಕುಕ್ಕುತ್ತದೆ. ಎಂಜಿನ್ ನಿಂತರೆ ವೇಗ ಕ್ಷಣಗಳಲ್ಲಿ ಕರಗುತ್ತದೆ. ಮುಂದೆ ಬರುವ ಎಚ್ಚರಿಕೆಗಳನ್ನು ಓದುವಾಗ ಈ ಮಾತು ನೆನಪಿರಲಿ. ಆಗ ಪ್ರತಿ ನಿಯಮದ ಹಿಂದಿನ ಕಾರಣ ತಾನಾಗಿ ಗೊತ್ತಾಗುತ್ತದೆ.

1. ಮೂರು ಬಗೆಗಳನ್ನು ತಿಳಿದುಕೊಳ್ಳಿ

ಮೊದಲನೆಯದು ಟ್ರೈಕ್. ದೊಡ್ಡ ತ್ರಿಕೋನ ರೆಕ್ಕೆಯ ಕೆಳಗೆ ಮೂರು ಗಾಲಿಯ ಗಾಡಿ ನೇತಾಡುತ್ತದೆ. ಮುಂದಿರುವ ಅಡ್ಡಕೋಲನ್ನು ತಳ್ಳಿ, ಎಳೆದು, ದೇಹದ ಭಾರ ಸರಿಸಿ ಇದನ್ನು ನಡೆಸಬೇಕು. ಎರಡನೆಯದು ಸಾಮಾನ್ಯ ವಿಮಾನದಂತೆಯೇ ಬಾಲ, ಕಂಟ್ರೋಲ್ ಸ್ಟಿಕ್, ಕಾಲಿಗೆ ರಡರ್ ಪೆಡಲ್ ಇರುವ ಬಗೆ. ಇದಕ್ಕೆ ತ್ರೀ-ಆಕ್ಸಿಸ್ ಎನ್ನುತ್ತಾರೆ. ಮೂರನೆಯದು ಪವರ್ಡ್ ಪ್ಯಾರಾಶೂಟ್. ಇದರಲ್ಲಿ ರೆಕ್ಕೆಯ ಬದಲು ಪ್ಯಾರಾಶೂಟ್ ಇರುತ್ತದೆ, ವೇಗ ಹೆಚ್ಚುಕಡಿಮೆ ಸ್ಥಿರ. ಎಂಜಿನ್‌ನ ಶಕ್ತಿ ಹೆಚ್ಚಿಸಿದರೆ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಕಲಿಯಲು ಇದು ಸುಲಭ, ಆದರೆ ಗಾಳಿ ಸ್ವಲ್ಪ ಜೋರಾದರೂ ಹಾರುವಂತಿಲ್ಲ.

ಇಲ್ಲೊಂದು ಎಚ್ಚರಿಕೆ. ಸ್ಟಿಕ್ ಇರುವ ವಿಮಾನದಲ್ಲಿ ಮುಂದಕ್ಕೆ ತಳ್ಳಿದರೆ ಮೂತಿ ಕೆಳಗೆ ಹೋಗುತ್ತದೆ. ಟ್ರೈಕ್‌ನಲ್ಲಿ ಅಡ್ಡಕೋಲನ್ನು ಮುಂದಕ್ಕೆ ತಳ್ಳಿದರೆ ಮೂತಿ ಮೇಲೇಳುತ್ತದೆ. ಒಂದನ್ನು ಚೆನ್ನಾಗಿ ಬಲ್ಲವರು ಇನ್ನೊಂದನ್ನು ತರಬೇತಿಯಿಲ್ಲದೆ ಹತ್ತಿದರೆ, ಗಾಬರಿಯ ಗಳಿಗೆಯಲ್ಲಿ ಕೈ ಹಳೆಯ ಅಭ್ಯಾಸದಂತೆಯೇ ನಡೆಯುತ್ತದೆ. ಸಾವಿರ ಗಂಟೆ ಹಾರಿದ ಅನುಭವ ಅಲ್ಲಿ ನೆರವಿಗೆ ಬರುವುದಿಲ್ಲ, ತಿರುಗಿ ಬೀಳುತ್ತದೆ.

ಯಾವ ಬಗೆ ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ನಿಮ್ಮ ಕೈಗೆಟುಕುವ ದೂರದಲ್ಲಿ ಒಳ್ಳೆಯ ತರಬೇತುದಾರರು ಯಾವುದನ್ನು ಕಲಿಸುತ್ತಾರೋ ಅದು.

2. ಕಾನೂನು ತಿಳಿದುಕೊಳ್ಳಿ

ಗೊಂದಲ ಹುಟ್ಟುವುದು ಹೆಚ್ಚಾಗಿ ಇಲ್ಲೇ. "ಅಲ್ಟ್ರಾಲೈಟ್‌ಗೆ ಲೈಸೆನ್ಸ್ ಬೇಕಿಲ್ಲ" ಎಂಬ ಮಾತನ್ನು ವಿಡಿಯೋಗಳಲ್ಲಿ ಕೇಳಿರುತ್ತೀರಿ. ಅದು ಅಮೆರಿಕದ ನಿಯಮ. ಅಲ್ಲಿ 1982ರಿಂದ ಜಾರಿಯಲ್ಲಿರುವ ಪಾರ್ಟ್ 103 ಎಂಬ ನಿಯಮಾವಳಿಯ ಪ್ರಕಾರ ಒಂದೇ ಆಸನವಿದ್ದು, ಖಾಲಿ ತೂಕ 254 ಪೌಂಡ್, ಎಂದರೆ ಸುಮಾರು 115 ಕೆ.ಜಿ.ಗಿಂತ ಕಡಿಮೆಯಿದ್ದು, ಇಂಧನ 5 ಗ್ಯಾಲನ್ ಅಂದರೆ ಸುಮಾರು 19 ಲೀಟರ್ ಮೀರದೆ, ಪೂರ್ಣ ಶಕ್ತಿಯಲ್ಲಿ ಸಮತಟ್ಟು ಹಾರಾಟದ ವೇಗ 55 ನಾಟ್ ಅಂದರೆ ಗಂಟೆಗೆ ಸುಮಾರು 102 ಕಿ.ಮೀ. ದಾಟದಿದ್ದರೆ ಪೈಲಟ್ ಲೈಸೆನ್ಸ್ ಬೇಡ. ಆದರೂ ಜನವಸತಿಯ ಮೇಲೆ ಹಾರುವಂತಿಲ್ಲ, ನೆಲ ಕಾಣದ ಸ್ಥಿತಿಯಲ್ಲಿ ಹಾರುವಂತಿಲ್ಲ, ಬೆಳಕಿಲ್ಲದ ಹೊತ್ತಿನಲ್ಲಿ ಹಾರುವಂತಿಲ್ಲ.

ಇತರ ಹಲವು ದೇಶಗಳಲ್ಲಿ ಪೈಲಟ್‌ಗೆ ಲೈಸೆನ್ಸ್, ವಿಮಾನಕ್ಕೆ ನೋಂದಣಿ, ಹಾರುವ ಜಾಗಕ್ಕೆ ಅನುಮತಿ ಬೇಕು. ನೀವಿರುವ ದೇಶದ ನಾಗರಿಕ ವಿಮಾನಯಾನ ಪ್ರಾಧಿಕಾರದ ನಿಯಮಗಳನ್ನು ನೀವೇ ಓದಿ. ವಿಮಾನ ಮಾರುವವರ ಬಾಯಿಮಾತನ್ನು ನಂಬಬೇಡಿ. ಲೈಸೆನ್ಸ್ ಬೇಡವಾದ ಕಡೆಯೂ ತರಬೇತಿ ಬೇಡ ಎಂದು ಅರ್ಥವಲ್ಲ. ಕಾನೂನು ಬಿಟ್ಟುಕೊಟ್ಟಿದೆಯೆಂದು ಗಾಳಿಯೇನೂ ರಿಯಾಯಿತಿ ಕೊಡುವುದಿಲ್ಲ.

3. ತರಬೇತುದಾರರನ್ನು ಆರಿಸಿ

ಎರಡು ಆಸನದ ವಿಮಾನದಲ್ಲಿ, ಎರಡೂ ಕಡೆ ನಿಯಂತ್ರಣ ಇರುವಂತೆ ಕಲಿಯಬೇಕು. ಒಪ್ಪಿಕೊಳ್ಳುವ ಮುಂಚೆ ಒಂದು ಬೆಳಗ್ಗೆ ಹೋಗಿ ಸುಮ್ಮನೆ ಕೂತು ನೋಡಿ. ತರಬೇತುದಾರರು ಪ್ರತಿ ಹಾರಾಟಕ್ಕೂ ಮುಂಚೆ ವಿಮಾನವನ್ನು ಪೂರ್ತಿ ಪರೀಕ್ಷಿಸುತ್ತಾರೆಯೇ? ಗಾಳಿ ಸರಿಯಿಲ್ಲದಾಗ ದುಡ್ಡು ಕೊಟ್ಟು ಬಂದವರನ್ನೂ "ಇವತ್ತು ಬೇಡ" ಎಂದು ವಾಪಸ್ ಕಳಿಸುತ್ತಾರೆಯೇ? ಈ ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ನಂಬಬಹುದು.

ಪಾಠಗಳಲ್ಲಿ ಎರಡನ್ನು ಕೇಳಿ ಪಡೆಯಿರಿ. ಒಂದು, ಸ್ಟಾಲ್ ಅಭ್ಯಾಸ. ಇದೇನೆಂದು ಏಳನೆಯ ಹಂತದಲ್ಲಿ ವಿವರಿಸಿದ್ದೇನೆ. ಇನ್ನೊಂದು, ಎಂಜಿನ್ ಶಕ್ತಿಯಿಲ್ಲದೆ ಇಳಿಯುವ ಅಭ್ಯಾಸ. ಇವನ್ನು ಒಂದೆರಡು ಸಲ ತೋರಿಸಿ ಬಿಟ್ಟರೆ ಸಾಲದು. ನಿಮ್ಮ ಕೈ ಯೋಚಿಸದೆ ಮಾಡುವ ತನಕ ನಡೆಯಬೇಕು.

ಮೊದಲ ಸೋಲೋ, ಎಂದರೆ ಒಂಟಿ ಹಾರಾಟದ ದಿನ ವಿಮಾನ ಬೇರೆಯದೇ ಅನಿಸುತ್ತದೆ. ಪಕ್ಕದಲ್ಲೋ ಹಿಂದೆಯೋ ಕೂತಿದ್ದವರ ತೂಕ ಇಲ್ಲದ ಕಾರಣ ಅದು ಬೇಗ ನೆಲ ಬಿಡುತ್ತದೆ, ಜೋರಾಗಿ ಏರುತ್ತದೆ, ಇಳಿಯುವಾಗ ಹೆಚ್ಚು ತೇಲುತ್ತದೆ. ಇದು ಮೊದಲೇ ಗೊತ್ತಿದ್ದರೆ ಗಾಬರಿಯಾಗದು. ಎಷ್ಟು ಗಂಟೆಗೆ ಸೋಲೋ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ತಡವಾಗಿ ಸೋಲೋ ಹೋದವರು ಕೆಟ್ಟ ಪೈಲಟ್ ಆಗುವುದಿಲ್ಲ.

4. ಗಾಳಿಯನ್ನು ಓದಲು ಕಲಿಯಿರಿ

ಹಾರಿಸುವ ಕೌಶಲಕ್ಕಿಂತ ಮೊದಲು ಬರಬೇಕಾದದ್ದು ಹಾರಬಾರದ ದಿನವನ್ನು ಗುರುತಿಸುವ ಕೌಶಲ. ಹೊಸಬರಿಗೆ ಸೂಕ್ತ ಸಮಯ ಸೂರ್ಯೋದಯದ ನಂತರದ ಒಂದೆರಡು ಗಂಟೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಒಂದೆರಡು ಗಂಟೆ. ನಡುಹಗಲಲ್ಲಿ ನೆಲ ಕಾದು, ಬಿಸಿಗಾಳಿಯ ಕಂಬಗಳು ಮೇಲೇಳುತ್ತವೆ. ಇವನ್ನು ಥರ್ಮಲ್ ಎನ್ನುತ್ತಾರೆ. ಅವುಗಳ ಸುತ್ತ ಗಾಳಿ ಕೆಳಗಿಳಿಯುತ್ತಿರುತ್ತದೆ. ನಿಮ್ಮ ವಿಮಾನ ಏರುವ ವೇಗವೇ ಸೆಕೆಂಡಿಗೆ ಎರಡು ಮೂರು ಮೀಟರ್ ಇರುವಾಗ, ಅಷ್ಟೇ ವೇಗದಲ್ಲಿ ಇಳಿಯುವ ಗಾಳಿಗೆ ಸಿಕ್ಕರೆ ಪೂರ್ಣ ಶಕ್ತಿ ಕೊಟ್ಟರೂ ಎತ್ತರ ಸಿಗುವುದಿಲ್ಲ.

ಎರಡನೆಯ ಅಪಾಯ ಅಡೆತಡೆಗಳ ಹಿಂದಿನ ಸುಳಿ. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುಳಿ ತಿರುಗುವಂತೆ ಮರಗಳ ಸಾಲು, ಕಟ್ಟಡ, ಗುಡ್ಡಗಳ ಹಿಂದೆ ಗಾಳಿ ಸುಳಿಯುತ್ತದೆ. ನೀರಿನ ಸುಳಿ ಕಾಣುತ್ತದೆ, ಇದು ಕಾಣುವುದಿಲ್ಲ. ರನ್‌ವೇ ಪಕ್ಕದಲ್ಲಿ ಎತ್ತರದ ಮರಗಳಿದ್ದು ಗಾಳಿ ಆ ಕಡೆಯಿಂದ ಬೀಸುತ್ತಿದ್ದರೆ, ಇಳಿಯುವ ಕೊನೆಯ ಕ್ಷಣದಲ್ಲಿ ವಿಮಾನ ದಿಢೀರನೆ ಕುಸಿಯಬಹುದು.

ಮೂರನೆಯದು, ಎತ್ತರಕ್ಕೂ ನೆಲಕ್ಕೂ ಗಾಳಿಯ ವೇಗದಲ್ಲಿರುವ ವ್ಯತ್ಯಾಸ. ನೆಲದ ಹತ್ತಿರ ಗಾಳಿ ನಿಧಾನವಾಗುತ್ತದೆ. ಎದುರುಗಾಳಿಗೆ ಮುಖಮಾಡಿ ಇಳಿಯುತ್ತಾ ಬಂದಂತೆ ಆ ಗಾಳಿ ಕಡಿಮೆಯಾಗಿ, ರೆಕ್ಕೆಯ ಮೇಲೆ ಹರಿಯುವ ಗಾಳಿಯೂ ತಗ್ಗುತ್ತದೆ. ಆದ್ದರಿಂದ ಗಾಳಿಯಿರುವ ದಿನ ತುಸು ಹೆಚ್ಚು ವೇಗ ಇಟ್ಟುಕೊಂಡೇ ಇಳಿಯಬೇಕು. ಮುಂಜಾನೆ ನೆಲದಲ್ಲಿ ಎಲೆಯೂ ಅಲುಗದಿದ್ದರೂ ನೂರು ಮೀಟರ್ ಮೇಲೆ ಗಾಳಿ ಜೋರಾಗಿರುವುದುಂಟು. ಮೋಡ ಓಡುವುದನ್ನು ನೋಡಿ, ಮುನ್ಸೂಚನೆಯಲ್ಲಿ ಬೇರೆ ಬೇರೆ ಎತ್ತರದ ಗಾಳಿ ನೋಡಿ. ಗಾಳಿಯ ಸರಾಸರಿ ವೇಗಕ್ಕಿಂತ ರಭಸದ ಬೀಸುಗಳ ಏರಿಳಿತ ಎಷ್ಟು ಎಂಬುದೇ ಮುಖ್ಯ. ಗಾಳಿ 12 ಕಿ.ಮೀ., ಬೀಸು 30 ಕಿ.ಮೀ. ಎಂದಿದ್ದರೆ ಆ ದಿನ ಹೊಸಬರದ್ದಲ್ಲ.

ದೂರದಲ್ಲಿ ಗುಡುಗು ಮೋಡ ಕಂಡರೆ ಚರ್ಚೆಯೇ ಬೇಡ. ಅದು ಹತ್ತಾರು ಕಿಲೋಮೀಟರ್ ಆಚೆಯಿದ್ದರೂ ಅದರಿಂದ ಹೊರಬೀಳುವ ಗಾಳಿ ಮುಂಚಿತವಾಗಿ ನಿಮ್ಮನ್ನು ತಲುಪಬಹುದು.

5. ಹಾರುವ ಮುಂಚಿನ ಪರೀಕ್ಷೆ

ಇದನ್ನು ಪಟ್ಟಿ ಹಿಡಿದೇ ಮಾಡಿ. ಬಾಯಿಪಾಠ ಬಂದರೂ ಪಟ್ಟಿ ಕೈಯಲ್ಲಿರಲಿ. ಒಂದು ಕಡೆಯಿಂದ ಶುರು ಮಾಡಿ ವಿಮಾನವನ್ನು ಪೂರ್ತಿ ಸುತ್ತಿ ಬನ್ನಿ. ನಡುವೆ ಯಾರಾದರೂ ಮಾತಿಗೆ ಎಳೆದರೆ, ಫೋನ್ ಬಂದರೆ, ನಿಲ್ಲಿಸಿದಲ್ಲಿಂದ ಮುಂದುವರಿಸಬೇಡಿ. ಮೊದಲಿನಿಂದ ಮಾಡಿ.

ರೆಕ್ಕೆ ಮಡಚಿ ಸಾಗಿಸುವ ವಿಮಾನಗಳಲ್ಲಿ ಪ್ರತಿ ಜೋಡಣೆಯೂ ತಪ್ಪಿಗೊಂದು ಅವಕಾಶ. ಪ್ರತಿ ಬೋಲ್ಟ್‌ಗೆ ನಟ್ ಇದೆಯೇ, ಪ್ರತಿ ನಟ್ ಸಡಿಲವಾಗದಂತೆ ಪಿನ್ ಅಥವಾ ಸುರಕ್ಷಾ ರಿಂಗ್ ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ. ಟ್ರೈಕ್‌ನಲ್ಲಿ ಗಾಡಿಯನ್ನು ರೆಕ್ಕೆಗೆ ತಗಲಿಸುವ ಹ್ಯಾಂಗ್ ಬೋಲ್ಟ್ ಎಂಬುದಿದೆ. ನಿಮ್ಮ ಇಡೀ ಭಾರ ಅದರ ಮೇಲೆ. ತಂತಿಗಳನ್ನು ಅವು ತುದಿಯ ಹಿಡಿಕೆಗೆ ಸೇರುವಲ್ಲಿ ನೋಡಿ, ಎಳೆ ಬಿಚ್ಚಿಕೊಳ್ಳಲು ಶುರುವಾಗುವುದು ಅಲ್ಲೇ. ಕೊಳವೆಗಳಲ್ಲಿ ಸಣ್ಣ ತಗ್ಗು, ಬಾಗು ಕಂಡರೆ ಹಾರಾಟ ರದ್ದು.

ರೆಕ್ಕೆಯ ಬಟ್ಟೆ ಬಿಸಿಲಿನ ಅತಿನೇರಳೆ ಕಿರಣಗಳಿಂದ ಸತ್ವ ಕಳೆದುಕೊಳ್ಳುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಂಡರೂ ಒಳಗೆ ಜೀರ್ಣವಾಗಿರಬಹುದು. ಬಟ್ಟೆಗೆ ಸಣ್ಣ ಸೂಜಿ ಚುಚ್ಚಿ, ನಿಗದಿತ ಬಲದಿಂದ ಎಳೆದು ಅದರ ಗಟ್ಟಿತನ ಅಳೆಯುವ ಬೆಟ್ಸೋಮೀಟರ್ ಎಂಬ ಉಪಕರಣ ಇದೆ. ತಿಳಿದವರಿಂದ ಕಾಲಕಾಲಕ್ಕೆ ಮಾಡಿಸಿ.

ಕೊನೆಗೆ ಸ್ಟಿಕ್ ಮತ್ತು ಪೆಡಲ್‌ಗಳನ್ನು ಪೂರ್ತಿ ಅಂಚಿನವರೆಗೆ ಆಡಿಸಿ. ತಡೆಯಿಲ್ಲದೆ ಆಡಿದರೆ ಸಾಲದು, ಸರಿಯಾದ ದಿಕ್ಕಿಗೆ ಆಡುತ್ತಿವೆಯೇ ಎಂದೂ ನೋಡಿ. ತಂತಿ ಅದಲುಬದಲಾಗಿ ಜೋಡಿಸಿ ಜೀವ ಕಳೆದುಕೊಂಡವರಿದ್ದಾರೆ.

ನಿಮ್ಮನ್ನೂ ಪರೀಕ್ಷಿಸಿಕೊಳ್ಳಿ. ನಿದ್ದೆ ಸರಿಯಾಗಿದೆಯೇ, ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ, ಮನಸ್ಸಿನಲ್ಲಿ ಜಗಳವೋ ಚಿಂತೆಯೋ ಕೊರೆಯುತ್ತಿದೆಯೇ?

ಉಡುಪಿನ ವಿಷಯದಲ್ಲಿ ಚುಟುಕಾಗಿ: ಹೆಲ್ಮೆಟ್, ಕಿವಿರಕ್ಷಕ, ಕಣ್ಣಿಗೆ ಕನ್ನಡಕ, ನೆಲದಲ್ಲಿ ಸೆಖೆಯಿದ್ದರೂ ಬೆಚ್ಚನೆಯ ಅಂಗಿ. ಪ್ರೊಪೆಲ್ಲರ್ ಹಿಂದಿರುವ ವಿಮಾನದಲ್ಲಿ ನಿಮ್ಮಿಂದ ಜಾರಿದ ಟೋಪಿ, ಕೈಗವಸು, ಫೋನ್ ಎಲ್ಲ ಹೋಗುವುದು ನೇರ ಪ್ರೊಪೆಲ್ಲರ್‌ಗೆ. ಜೇಬುಗಳಿಗೆ ಜಿಪ್ ಹಾಕಿ, ಕ್ಯಾಮೆರಾಕ್ಕೆ ದಾರ ಕಟ್ಟಿ. ಹೊಸಬರು ಕ್ಯಾಮೆರಾ ತರದೇ ಇದ್ದರೆ ಇನ್ನೂ ಒಳ್ಳೆಯದು.

6. ಎಂಜಿನ್ ನಿಲ್ಲುತ್ತದೆ ಎಂದೇ ತಿಳಿಯಿರಿ

ಹಗುರ ವಿಮಾನಗಳಲ್ಲಿ ಬಹುಕಾಲದಿಂದ ಇರುವುದು ರೋಟಾಕ್ಸ್ 503, 582ರಂಥ ಟೂ-ಸ್ಟ್ರೋಕ್ ಎಂಜಿನ್‌ಗಳು. ಇವುಗಳ ವಿನ್ಯಾಸವೇ ಹಠಾತ್ತನೆ ನಿಲ್ಲುವ ಸಾಧ್ಯತೆಯದು ಎಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ. ಈಗ ಫೋರ್-ಸ್ಟ್ರೋಕ್ ರೋಟಾಕ್ಸ್ 912 ವ್ಯಾಪಕವಾಗಿದೆ. ಅದು ಹೆಚ್ಚು ವಿಶ್ವಾಸಾರ್ಹ, ಆದರೆ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು.

ಟೂ-ಸ್ಟ್ರೋಕ್ ಹಾಳಾಗುವ ಕಾರಣಗಳಲ್ಲಿ ಹಲವು ನಮ್ಮ ಕೈಯಲ್ಲೇ ಇವೆ. ತಣ್ಣಗಿರುವ ಎಂಜಿನ್‌ಗೆ ಒಮ್ಮೆಲೇ ಪೂರ್ಣ ಶಕ್ತಿ ಕೊಟ್ಟರೆ, ಪಿಸ್ಟನ್ ಬೇಗ ಕಾದು ಹಿಗ್ಗುತ್ತದೆ. ಅದರ ಸುತ್ತಲ ಸಿಲಿಂಡರ್ ಇನ್ನೂ ಹಿಗ್ಗಿರುವುದಿಲ್ಲ. ಎರಡೂ ಕಚ್ಚಿಕೊಂಡು ಎಂಜಿನ್ ನಿಂತುಬಿಡುತ್ತದೆ. ಅದಾಗುವುದು ನೀವು ರನ್‌ವೇ ತುದಿಯಿಂದ ಮೇಲೇರುತ್ತಿರುವಾಗಲೇ. ಕೈಪಿಡಿ ಹೇಳಿದ ಉಷ್ಣತೆ ಬರುವವರೆಗೆ ಕಾಯಿರಿ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಎಂಜಿನ್‌ಗಳಲ್ಲಿ ಸಾಮಾನ್ಯ ಪ್ರಮಾಣ 50:1, ಅಂದರೆ 10 ಲೀಟರಿಗೆ 200 ಮಿ.ಲೀ. ಕ್ಯಾನ್ ಮೇಲೆ ಬೆರೆಸಿದ ದಿನಾಂಕ ಬರೆದಿಡಿ. ಎಥನಾಲ್ ಇರುವ ಪೆಟ್ರೋಲ್ ನೀರು ಹೀರುತ್ತದೆ, ವಾರಗಟ್ಟಲೆ ಬಿಟ್ಟ ಇಂಧನ ಬಳಸಬೇಡಿ.

ಗಾಳಿಗೆ ಇಂಧನ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬ್ಯುರೇಟರ್‌ನಲ್ಲಿ ಹಿಮ ಕಟ್ಟುವುದು ಇನ್ನೊಂದು. ಇಂಧನ ಆವಿಯಾಗುವಾಗ ಒಳಗಿನ ಗಾಳಿ ತಣ್ಣಗಾಗುತ್ತದೆ. ತೇವ ಹೆಚ್ಚಿರುವ ದಿನ ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಒಳಗೆ ಹಿಮ ಕಟ್ಟಬಹುದು. ಚಳಿ ದೇಶದವರ ಸಮಸ್ಯೆ ಎಂದು ಬಿಟ್ಟುಬಿಡುವಂಥದ್ದಲ್ಲ.

ಎಂಜಿನ್ ಶುರು ಮಾಡುವಾಗ ಗಾಲಿಗೆ ಅಡ್ಡ ಇಟ್ಟು, ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿಕೆ) ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಗಟ್ಟಿಯಾಗಿ ಕೂಗಿ ಹೇಳಿ. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳನ್ನೂ ನಾಯಿಗಳನ್ನೂ ಹತ್ತಿರ ಬಿಡಲೇಬೇಡಿ.

7. ವೇಗ ಕಾಯ್ದುಕೊಳ್ಳುವುದು

ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ರೆಕ್ಕೆ ಗಾಳಿಗೆ ಎದುರಾಗುವ ಕೋನ ಒಂದು ಮಿತಿ ದಾಟಿದಾಗ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುವುದನ್ನು ಬಿಡುತ್ತದೆ, ಎತ್ತುವ ಬಲ ಕುಸಿಯುತ್ತದೆ. ಎತ್ತರದಲ್ಲಿ ಆದರೆ ಮೂತಿ ತಗ್ಗಿಸಿ ವೇಗ ಪಡೆದು ಸರಿಪಡಿಸಬಹುದು. ನೆಲದ ಹತ್ತಿರ ಆದರೆ ಅದಕ್ಕೆ ಜಾಗವಿಲ್ಲ.

ತಿರುಗುವಾಗ ಸ್ಟಾಲ್ ಆಗುವ ವೇಗ ಏರುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 44 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ, ಎತ್ತರ ಉಳಿಸಿಕೊಂಡು 45 ಡಿಗ್ರಿ ವಾಲಿ ತಿರುಗುವಾಗ ಸುಮಾರು 52ರಲ್ಲೂ, 60 ಡಿಗ್ರಿ ವಾಲಿದಾಗ ಸುಮಾರು 62ರಲ್ಲೂ ಸ್ಟಾಲ್ ಆಗುತ್ತದೆ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ರನ್‌ವೇ ದಾಟಿ ಹೋಗುತ್ತಿದ್ದೇನೆ ಎನಿಸಿ ಹೆಚ್ಚು ವಾಲಿಸಿ, ಸ್ಟಿಕ್ ಎಳೆದು, ಪೆಡಲ್ ಒತ್ತಿ ಮೂತಿ ತಿರುಗಿಸಿದಾಗಲೇ ದುರಂತಗಳು ಆಗುವುದು. ಒಂದು ರೆಕ್ಕೆ ಮೊದಲು ಸೋತು ವಿಮಾನ ಸುರುಳಿ ಸುತ್ತಿ ಬೀಳುತ್ತದೆ. ರನ್‌ವೇ ತಪ್ಪಿತೇ? ತಪ್ಪಲಿ. ಶಕ್ತಿ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬನ್ನಿ.

ಬೆನ್ನುಗಾಳಿಯಲ್ಲಿ ಕೆಳಮಟ್ಟದಲ್ಲಿ ಹಾರುವಾಗ ನೆಲ ಸರ್ರನೆ ಹಿಂದೆ ಸರಿಯುತ್ತದೆ. ಅತಿ ವೇಗ ಎಂಬ ಭ್ರಮೆಯಿಂದ ನಿಧಾನಿಸಲು ಹೋಗಬೇಡಿ. ಗಾಳಿವೇಗದ ಮಾಪಕವನ್ನು ನಂಬಿ.

ಏರುವಾಗ ಎಂಜಿನ್ ನಿಂತರೆ ಮೊದಲ ಕೆಲಸ ಮೂತಿ ತಗ್ಗಿಸುವುದು, ಅದೂ ತಕ್ಷಣ. ವಿಮಾನ ಹಗುರ, ಗಾಳಿಯ ಎಳೆತ ಜಾಸ್ತಿ; ಏನಾಯಿತು ಎಂದು ಯೋಚಿಸುವಷ್ಟರಲ್ಲಿ ವೇಗ ಹೋಗಿರುತ್ತದೆ. ಆಮೇಲೆ ಎದುರಿಗೆ, ಅಥವಾ ತುಸು ಎಡಬಲಕ್ಕೆ ಸಿಕ್ಕ ಜಾಗದಲ್ಲಿ ಇಳಿಯಿರಿ. ಕಡಿಮೆ ಎತ್ತರದಲ್ಲಿ ರನ್‌ವೇಗೆ ಹಿಂದಿರುಗಲು ಯತ್ನಿಸಬೇಡಿ. ವಿಮಾನ ಮುರಿದರೂ ನೇರವಾಗಿ, ಹಿಡಿತದಲ್ಲಿ ಇಳಿದವರು ಬದುಕುವ ಸಾಧ್ಯತೆ ಬಹಳ ಹೆಚ್ಚು.

8. ಇಳಿಯುವ ಜಾಗ ಸದಾ ಕಣ್ಣಲ್ಲಿರಲಿ

ಎಂಜಿನ್ ಇಲ್ಲದೆ ತೇಲುವ ದೂರವನ್ನು ಮೊದಲೇ ಲೆಕ್ಕ ಹಾಕಿ. ಎತ್ತರದ ಏಳುಪಟ್ಟು ದೂರ ತೇಲುವ ವಿಮಾನ 300 ಮೀಟರ್‌ನಿಂದ ಗಾಳಿಯಿಲ್ಲದಾಗ ಸುಮಾರು 2 ಕಿ.ಮೀ. ಹೋಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ತೇಲುತ್ತಿದ್ದು 30 ಕಿ.ಮೀ. ಎದುರುಗಾಳಿ ಇದ್ದರೆ ಅದು ಒಂದೇ ಕಿಲೋಮೀಟರ್. ಕಾಡು, ದೊಡ್ಡ ಕೆರೆ, ಊರುಗಳ ಮೇಲೆ ಹೋಗದಂತೆ ದಾರಿ ಆರಿಸುವುದು ಇದಕ್ಕೇ.

ಜಾಗ ಆರಿಸುವಾಗ ಅಳತೆ, ಇಳಿಜಾರು, ನೆಲದ ಗಟ್ಟಿತನ, ದನಕರು, ಸುತ್ತಲ ಅಡೆತಡೆ ನೋಡಿ. ಗಾಳಿಯ ದಿಕ್ಕಿಗೆ ಹೊಗೆ, ಬಾವುಟ, ಕೆರೆಯ ನೀರು ಸಾಕ್ಷಿ: ಗಾಳಿ ಬರುವ ಕಡೆಯ ದಡದಲ್ಲಿ ನೀರು ನಿಶ್ಚಲವಾಗಿರುತ್ತದೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬಗಳನ್ನು ಹುಡುಕಿ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಎಂದೇ ತಿಳಿಯಿರಿ.

ಹಲವು ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ, ರಾಕೆಟ್‌ನಿಂದ ಹಾರಿಬಿಡುವ ಪ್ಯಾರಾಶೂಟ್ ಇರುತ್ತದೆ. ರಚನೆ ಮುರಿದಾಗ, ಆಕಾಶದಲ್ಲಿ ಡಿಕ್ಕಿಯಾದಾಗ ಅದು ಜೀವ ಉಳಿಸುತ್ತದೆ. ಹಾರುವ ಮುಂಚೆ ಅದರ ಸುರಕ್ಷಾ ಪಿನ್ ತೆಗೆಯಿರಿ, ಇಳಿದೊಡನೆ ಮತ್ತೆ ಹಾಕಿ. ತೀರಾ ಕೆಳಗೆ ಆದ ಸ್ಟಾಲ್‌ಗೆ ಅದು ಬಿಚ್ಚಿಕೊಳ್ಳಲು ಸಮಯ ಸಾಲುವುದಿಲ್ಲ, ಹಾಗಾಗಿ ಅದಿದೆಯೆಂಬ ಧೈರ್ಯದಲ್ಲಿ ಗಾಳಿಯ ದಿನ ಹೊರಡಬೇಡಿ.

9. ಕೊಳ್ಳುವುದು ಕೊನೆಗೆ

ತರಬೇತಿ ಮುಗಿಯುವ ಮುಂಚೆ ವಿಮಾನ ಕೊಳ್ಳಬೇಡಿ. ಹಳೆಯದಾದರೆ ಎಂಜಿನ್ ಗಂಟೆಗಳ ದಾಖಲೆ, ದುರಸ್ತಿಯ ದಾಖಲೆ, ಬಟ್ಟೆಯ ವಯಸ್ಸು ಕೇಳಿ. ದಾಖಲೆ ಇಲ್ಲದ ಎಂಜಿನ್ ಅನ್ನು ಪೂರ್ತಿ ಬಿಚ್ಚಿ ಕಟ್ಟಬೇಕಾದದ್ದು ಎಂದೇ ಬೆಲೆ ಕಟ್ಟಿ. ಆ ಮಾದರಿಯನ್ನು ಬಲ್ಲ ಪರಿಣತರಿಂದ ಪರೀಕ್ಷೆ ಮಾಡಿಸಿ, ಮೊದಲ ಹಾರಾಟವನ್ನು ಅದೇ ಮಾದರಿಯಲ್ಲಿ ಅನುಭವವಿರುವವರು ಮಾಡಲಿ.

"ಹಾರುವುದಿಲ್ಲ, ರನ್‌ವೇ ಮೇಲೆ ಸುಮ್ಮನೆ ಓಡಿಸಿ ನೋಡುತ್ತೇನೆ" ಎಂದು ಹೊರಡುವುದೂ ಬೇಡ. ನೆಲದಲ್ಲಿ ಜೋರಾಗಿ ಓಡಿಸಿದ ಅಲ್ಟ್ರಾಲೈಟ್ ಒಂದು ಸಣ್ಣ ಬೀಸಿಗೇ ತಾನಾಗಿ ಮೇಲೇಳುತ್ತದೆ. ತರಬೇತಿಯಿಲ್ಲದವರು ಹಾಗೆ ಹತ್ತು ಮೀಟರ್ ಎತ್ತರದಲ್ಲಿ ಗಾಬರಿಬಿದ್ದು ಥ್ರಾಟಲ್ ಪೂರ್ತಿ ಮುಚ್ಚುತ್ತಾರೆ, ವಿಮಾನ ಮೂತಿ ಅಡಿಯಾಗಿ ನೆಲಕ್ಕೆ ಬಡಿಯುತ್ತದೆ. ಹೊಸ ವಿಮಾನವನ್ನು ನೆಲದಲ್ಲಿ ಓಡಿಸಿ ನೋಡುವುದಿದ್ದರೆ, ಅದನ್ನು ಹಾರಿಸಿ ಇಳಿಸಲು ಬರುವ ದಿನ, ಹಾರಲು ಸರಿಯಾದ ಗಾಳಿಯಲ್ಲಿ, ಬೆಲ್ಟ್ ಹೆಲ್ಮೆಟ್ ಎಲ್ಲ ಹಾಕಿಕೊಂಡೇ ಓಡಿಸಿ.